ವಿದ್ಯುತ್ ಹರಿಸುವ ಪಾಲಿಮರ್ ಕಾಂಪೋಸಿಟ್‌ಗಳು, ಜೀವಕೋಶದಿಂದ ಚಿಕಿತ್ಸೆಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್‌ಗೆ ಹೊಸದಾಗಿ ಸೇರಿದವರು, ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಕುತೂಹಲದಿಂದ ವಿಚಾರಿಸುವ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇವೆ. ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ: ಈ ಕ್ಷೇತ್ರದಲ್ಲಿ ಒಣಗಿದ ಫಿಲ್ಮ್‌ನ (ತೆಳು ಪದರದ) ವಾಹಕತೆಗೆ ಸಿಗುತ್ತಿರುವ ಮನ್ನಣೆ ಅತಿಯಾಯಿತು. ದೇಹದೊಳಗೆ ಎಲ್ಲವೂ ಒದ್ದೆ, ಉಪ್ಪು, 37 ಡಿಗ್ರಿ. ಅಲ್ಲಿ ವಾರಗಟ್ಟಲೆ ನಿಂತು ಕೆಲಸ ಮಾಡುವ ವಸ್ತು ಯಾವುದು ಎಂಬುದೇ ಮುಖ್ಯ ಪ್ರಶ್ನೆ.

## ಮೊದಲು ತಿಳಿಯಬೇಕಾದದ್ದು

ಪ್ಲಾಸ್ಟಿಕ್ ಅಂದ್ರೆ ಕರೆಂಟ್ ಹರಿಯದ ವಸ್ತು ಅಲ್ವಾ? ಇದರಲ್ಲಿ ಹೇಗೆ ಹರಿಯುತ್ತೆ?

ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ ಎಲೆಕ್ಟ್ರಾನ್‌ಗಳು ಇಂಗಾಲದ ಬಂಧಗಳಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತವೆ. ವಾಹಕ ಪಾಲಿಮರ್‌ಗಳ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ. ಅಷ್ಟರಿಂದಲೇ ಅದು ವಾಹಕವಾಗುವುದಿಲ್ಲ. ಸರಪಳಿಯಿಂದ ಕೆಲವು ಎಲೆಕ್ಟ್ರಾನ್‌ಗಳನ್ನು ಕಿತ್ತು, ಸಮತೋಲಕ್ಕೆ ಒಂದು ಋಣ ಅಯಾನನ್ನು ಪಕ್ಕದಲ್ಲಿ ಕೂರಿಸಬೇಕು. ಇದಕ್ಕೆ ಡೋಪಿಂಗ್ ಎನ್ನುತ್ತಾರೆ. ಪಾಲಿಅಸಿಟಿಲೀನ್‌ಗೆ ಅಯೋಡಿನ್ ಆವಿ ತಾಗಿಸಿದಾಗ ವಾಹಕತೆ ಕೋಟಿ ಪಟ್ಟಿನ ಲೆಕ್ಕದಲ್ಲಿ ಏರುವುದನ್ನು ಶಿರಾಕಾವಾ, ಮ್ಯಾಕ್‌ಡೈರ್ಮಿಡ್, ಹೀಗರ್ 1977ರಲ್ಲಿ ಪ್ರಕಟಿಸಿದರು. 2000ದ ರಸಾಯನಶಾಸ್ತ್ರ ನೊಬೆಲ್ ಮೂವರಿಗೂ ಬಂತು. ಪಾಲಿಅಸಿಟಿಲೀನ್ ಗಾಳಿಯಲ್ಲಿ ಕೆಡುವುದರಿಂದ ವೈದ್ಯಕೀಯ ಕೆಲಸಕ್ಕೆ ಒದಗಲಿಲ್ಲ. ಅದರ ಜಾಗಕ್ಕೆ ಪಾಲಿಪಿರೋಲ್, ಪಾಲಿಅನಿಲಿನ್, ಪೆಡಾಟ್ (ಇಡಾಟ್ ಎಂಬ ಸಣ್ಣ ಅಣುಗಳನ್ನು ಪೋಣಿಸಿದ ಪಾಲಿಮರ್) ಬಂದವು.

ಪಾಲಿಮರ್ ಒಂದೇ ಸಾಕಲ್ವಾ, ಕಾಂಪೋಸಿಟ್ ಯಾಕೆ?

ಶುದ್ಧ ಪಾಲಿಪಿರೋಲ್ ಪುಡಿಯಂತೆ ಉದುರುತ್ತದೆ. ಪೆಡಾಟ್ ಒಂಟಿಯಾಗಿ ನೀರಿನಲ್ಲಿ ಕರಗುವುದೇ ಇಲ್ಲ. ಹಾಗಾಗಿ ಇವನ್ನು ಬಗ್ಗುವ, ಹಿಗ್ಗುವ, ಕೋಶಗಳು ಹಿಡಿದು ನಿಲ್ಲುವ ಇನ್ನೊಂದು ವಸ್ತುವಿನ ಜೊತೆ ಬೆರೆಸುತ್ತಾರೆ: ಜೆಲಾಟಿನ್, ಕೈಟೋಸಾನ್, ರೇಷ್ಮೆಯ ಫೈಬ್ರೋಯಿನ್, ದೇಹದಲ್ಲಿ ನಿಧಾನ ಕರಗುವ ಪಿಸಿಎಲ್ ಪ್ಲಾಸ್ಟಿಕ್, ಪಾಲಿಯುರೆಥೇನ್. ಇನ್ನೊಂದು ದಾರಿ, ವಾಹಕವಲ್ಲದ ಸಿಲಿಕೋನ್ ರಬ್ಬರ್‌ಗೆ ಕಾರ್ಬನ್ ಬ್ಲ್ಯಾಕ್, ಕಾರ್ಬನ್ ನ್ಯಾನೋಟ್ಯೂಬ್, ಗ್ರಾಫೀನ್ ಅಥವಾ ಬೆಳ್ಳಿಯ ತಂತು ಸೇರಿಸುವುದು. ಈ ಎರಡನೇ ದಾರಿಯಲ್ಲಿ ಒಂದು ಹೊಸ್ತಿಲಿದೆ. ಕಣಗಳು ಒಂದಕ್ಕೊಂದು ತಾಗಿ ಈ ತುದಿಯಿಂದ ಆ ತುದಿಗೆ ದಾರಿ ಆಗುವವರೆಗೆ ಏನೂ ಹರಿಯುವುದಿಲ್ಲ. ಆದ ಮೇಲೆ ರೋಧ ಧಡಕ್ಕನೆ ಇಳಿಯುತ್ತದೆ. ದುಂಡಗಿನ ಕಾರ್ಬನ್ ಬ್ಲ್ಯಾಕ್‌ಗೆ ತೂಕದಲ್ಲಿ ಶೇ. 5ರಿಂದ 10 ಬೇಕಾದರೆ, ಉದ್ದನೆಯ ನ್ಯಾನೋಟ್ಯೂಬ್ ಚೆನ್ನಾಗಿ ಬಿಡಿಬಿಡಿಯಾಗಿ ಹರಡಿದ್ದಾಗ ಶೇ. 1ಕ್ಕಿಂತ ಕಡಿಮೆಯೂ ಸಾಕಾಗುತ್ತದೆ.

ಚಿನ್ನ, ಪ್ಲಾಟಿನಂ ಇರುವಾಗ ಇದರ ಅಗತ್ಯ ಏನು?

ದೇಹದಲ್ಲಿ ವಿದ್ಯುತ್ತನ್ನು ಹೊರುವುದು ಸೋಡಿಯಂ, ಪೊಟ್ಯಾಷಿಯಂ, ಕ್ಲೋರೈಡ್ ಅಯಾನುಗಳು; ತಂತಿಯಲ್ಲಿ ಎಲೆಕ್ಟ್ರಾನ್‌ಗಳು. ಇವೆರಡರ ಕೈಬದಲು ಲೋಹದಲ್ಲಿ ಮೇಲ್ಮೈಯಲ್ಲಷ್ಟೇ ನಡೆಯುತ್ತದೆ. ಪೆಡಾಟ್‌ನಂಥ ಪಾಲಿಮರ್ ನೀರು ಕುಡಿದು ಉಬ್ಬುವುದರಿಂದ ಅಯಾನು ಪದರದ ಒಳಗೂ ನುಗ್ಗುತ್ತದೆ, ಇಡೀ ದಪ್ಪವೇ ಕೆಲಸಕ್ಕೆ ಬರುತ್ತದೆ. ಪೆಡಾಟ್‌ಗೆ ಪಿಎಸ್‌ಎಸ್ ಎಂಬ ಋಣ ಆವೇಶದ, ನೀರಿನಲ್ಲಿ ಕರಗುವ ಪಾಲಿಮರ್ ಜೋಡಿಸಿದ ಪೆಡಾಟ್:ಪಿಎಸ್‌ಎಸ್‌ನ ಧಾರಕತೆ (ಆವೇಶ ಹಿಡಿದಿಡುವ ಶಕ್ತಿ) ಘನ ಸೆಂಟಿಮೀಟರಿಗೆ ಸುಮಾರು 40 ಫ್ಯಾರಡ್. ಒಂದೇ ಅಳತೆಯ ಎಲೆಕ್ಟ್ರೋಡ್‌ನಲ್ಲಿ ಇಂಪೀಡೆನ್ಸ್ (ಬದಲಾಗುವ ಕರೆಂಟಿಗೆ ಒಡ್ಡುವ ತಡೆ) ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿಯುವುದು ಇದರಿಂದಲೇ.

ಮೆದುತನವೂ ಅಷ್ಟೇ ಮುಖ್ಯ. ಮಿದುಳಿನ ಬಿಗಿತ ಸುಮಾರು 1 ಕಿಲೋಪ್ಯಾಸ್ಕಲ್, ಮಿದುಳಿಗೆ ಚುಚ್ಚುವ ಸಿಲಿಕಾನ್ ಎಲೆಕ್ಟ್ರೋಡ್ ಸೂಜಿಯದು 150 ಗಿಗಾಪ್ಯಾಸ್ಕಲ್‌ಗೂ ಮೇಲೆ. ಉಸಿರು, ನಾಡಿಯ ಜೊತೆ ಮಿದುಳು ಅಲುಗಿದಾಗಲೆಲ್ಲ ಗಟ್ಟಿ ಸೂಜಿ ಅದನ್ನು ಕೆರೆಯುತ್ತದೆ, ಸುತ್ತ ಗಾಯದ ಅಂಗಾಂಶ ಕಟ್ಟುತ್ತದೆ, ಸಂಕೇತ ಮಂಕಾಗುತ್ತದೆ. ಆದರೆ ಗಮನಿಸಿ: ಒಣ ಪೆಡಾಟ್:ಪಿಎಸ್‌ಎಸ್ ಕೂಡ ಗಿಗಾಪ್ಯಾಸ್ಕಲ್ ಮಟ್ಟದ್ದೇ. ಮೆದುತನ ಬೇಕಿದ್ದರೆ ಹೈಡ್ರೋಜೆಲ್ ಮಾಡಬೇಕು, ಇಲ್ಲವೇ ಮೆತ್ತನೆಯ ಆಧಾರದ ಮೇಲೆ ತೀರ ತೆಳ್ಳಗೆ ಹಾಕಬೇಕು.

ಆಸ್ಪತ್ರೆಗಳಲ್ಲಿ ಈಗಾಗಲೇ ಬಳಸ್ತಾರಾ, ಅಥವಾ ಬರೀ ಸಂಶೋಧನೆಯಾ?

ಚರ್ಮದ ಮೇಲೆ ಬಳಸುತ್ತಾರೆ. ಫಿಸಿಯೋಥೆರಪಿಯಲ್ಲಿ ನೋವಿಗೆ ಕರೆಂಟ್ ಕೊಡುವ ಟೆನ್ಸ್ ಯಂತ್ರದ ಕಪ್ಪು ರಬ್ಬರ್ ಪ್ಯಾಡ್ ಕಾರ್ಬನ್ ತುಂಬಿದ ಸಿಲಿಕೋನ್, ಅಂದರೆ ಇದೇ ಕಾಂಪೋಸಿಟ್. ದೇಹದ ಒಳಗೆ ವರ್ಷಗಟ್ಟಲೆ ಇರುವ ಸಾಧನಗಳಲ್ಲಿ, ಉದಾಹರಣೆಗೆ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಇಡುವ ಎಲೆಕ್ಟ್ರೋಡ್‌ಗಳಲ್ಲಿ, ಪ್ಲಾಟಿನಂ ಮತ್ತು ಪ್ಲಾಟಿನಂ-ಇರಿಡಿಯಂನದೇ ಮೇಲುಗೈ. ಹೃದಯದ ಪಟ್ಟಿ, ನರ ಜೋಡಿಸುವ ನಳಿಕೆ ಇತ್ಯಾದಿ ಬಹುತೇಕ ಪ್ರಾಣಿ ಪ್ರಯೋಗದ ಹಂತದಲ್ಲೇ ಇವೆ. ಸುದ್ದಿಯ ತಲೆಬರಹ ನೋಡಿ ಮನೆಯವರ ಚಿಕಿತ್ಸೆಗೆ ಇದನ್ನು ಕಾಯಬೇಡಿ.

ಪಾಲಿಅನಿಲಿನ್, ಪಾಲಿಪಿರೋಲ್, ಪೆಡಾಟ್: ಯಾವುದರಿಂದ ಶುರು ಮಾಡಲಿ?

ಪೆಡಾಟ್‌ನಿಂದ. ಪಾಲಿಅನಿಲಿನ್ ಅಗ್ಗ, ಮಾಡುವುದೂ ಸುಲಭ. ಆದರೆ ಅದರ ವಾಹಕತೆ ಆಮ್ಲೀಯ ವಾತಾವರಣಕ್ಕೆ ಕಟ್ಟುಬಿದ್ದಿದೆ. ಪಿಎಚ್ 4 ದಾಟಿದಂತೆ ಪ್ರೋಟಾನ್ ಕಳೆದುಕೊಳ್ಳುತ್ತ ಹಸಿರು ಬಣ್ಣ ನೀಲಿಗೆ ತಿರುಗುತ್ತದೆ, 7.4ರಲ್ಲಿ ಬಹುಮಟ್ಟಿಗೆ ಅವಾಹಕ. ದೊಡ್ಡ ಸಲ್ಫೋನಿಕ್ ಆಮ್ಲಗಳನ್ನು ಸರಪಳಿಗೇ ಕಟ್ಟಿ ಇದನ್ನು ತಡೆಯುವ ಪ್ರಯತ್ನಗಳಿವೆ, ಹೊಸಬರಿಗೆ ಆ ದಾರಿ ಬೇಡ. ಪಾಲಿಪಿರೋಲ್ ಕೋಶಗಳಿಗೆ ಹಿತ, ಬಟ್ಟೆ, ನಾರು, ಸ್ಪಂಜಿಗೆ ಲೇಪಿಸಲು ಅದೇ ಸರಿ; ಆದರೆ ಆಕ್ಸಿಜನ್‌ಗೆ ಬೇಗ ಸೋಲುತ್ತದೆ.

## ಮಾಡುವ ವಿಧಾನ

ಪೆಡಾಟ್:ಪಿಎಸ್‌ಎಸ್ ಫಿಲ್ಮ್‌ಗೆ ಸರಿಯಾದ ಅಳತೆ ಕೊಡ್ತೀರಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಮೊದಲು ಬಾಟಲಿಯ ಮೇಲಿನ ದರ್ಜೆ ನೋಡಿ. ಕ್ಲೆವಿಯೋಸ್ ಪಿಎಚ್ 1000 ಎಂಬುದರಲ್ಲಿ ಒಂದು ಭಾಗ ಪೆಡಾಟ್‌ಗೆ 2.5 ಭಾಗ ಪಿಎಸ್‌ಎಸ್, ಘನಾಂಶ ಶೇ. 1ಕ್ಕಿಂತ ತುಸು ಹೆಚ್ಚು. ಸೋಲಾರ್ ಸೆಲ್‌ನವರು ಬಳಸುವ ಎಐ 4083ರಲ್ಲಿ ಈ ಅನುಪಾತ 1ಕ್ಕೆ 6, ವಾಹಕತೆ ಸಾವಿರಾರು ಪಟ್ಟು ಕಡಿಮೆ. ಪಕ್ಕದ ಲ್ಯಾಬಿನಿಂದ ಎರವಲು ತಂದ ಬಾಟಲಿ ಎರಡನೆಯದಾಗಿದ್ದು ಕೆಲಸ ಕೆಡುವುದು ಆಗಾಗ ನಡೆಯುತ್ತದೆ.

20 ಮಿಲಿಗೆ: ಪಿಎಚ್ 1000 19 ಮಿಲಿ, ಎಥಿಲೀನ್ ಗ್ಲೈಕಾಲ್ 1 ಮಿಲಿ, ಡಿಬಿಎಸ್‌ಎ (ದ್ರಾವಣ ಸಮವಾಗಿ ಹರಡಲು ಹಾಕುವ ಆಮ್ಲ) 20 ಮೈಕ್ರೋಲೀಟರ್. ಡಿಬಿಎಸ್‌ಎ ಜೇನಿನಷ್ಟು ಮಂದ, ಪಿಪೆಟ್ ತುದಿಯನ್ನು ಕತ್ತರಿಸಿ ನಿಧಾನ ಎಳೆಯಿರಿ. ಹತ್ತು ನಿಮಿಷ ಸೋನಿಕೇಟರ್ (ಶ್ರವಣಾತೀತ ಕಂಪನದ) ಸ್ನಾನದಲ್ಲಿಡಿ. ಬಳಸುವುದಕ್ಕೆ ಸ್ವಲ್ಪ ಮುಂಚೆ ಮಾತ್ರ ಜಿಒಪಿಎಸ್ (ಸರಪಳಿಗಳನ್ನು ಒಂದಕ್ಕೊಂದು, ಗಾಜಿಗೂ ಬೆಸೆಯುವ ಸಿಲೇನ್) 200 ಮೈಕ್ರೋಲೀಟರ್ ಹಾಕಿ, ಒಂದು ನಿಮಿಷ ಕಲಕಿ, 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ಈ ಸಿಲೇನ್ ಸೇರಿದ ಕ್ಷಣದಿಂದ ದ್ರಾವಣ ಗಟ್ಟಿಯಾಗತೊಡಗುತ್ತದೆ. ಅಂದೇ ಮುಗಿಸಿ, ಮರುದಿನಕ್ಕೆ ಎತ್ತಿಡಬೇಡಿ. ಆಕ್ಸಿಜನ್ ಪ್ಲಾಸ್ಮಾದಲ್ಲಿ (ಮೇಲ್ಮೈಯನ್ನು ಶುಚಿಗೊಳಿಸುವ ಆವೇಶಭರಿತ ಅನಿಲದಲ್ಲಿ) ಒಂದೆರಡು ನಿಮಿಷ ಇಟ್ಟ ಗಾಜಿನ ಮೇಲೆ 1500ರಿಂದ 3000 ಆರ್‌ಪಿಎಂನಲ್ಲಿ ಸ್ಪಿನ್ ಮಾಡಿದರೆ (ದ್ರಾವಣ ಸುರಿದು ವೇಗವಾಗಿ ತಿರುಗಿಸಿದರೆ) 100 ನ್ಯಾನೋಮೀಟರ್ ಆಸುಪಾಸಿನ ಪದರ ಬರುತ್ತದೆ. 100 ಡಿಗ್ರಿಯಲ್ಲಿ ಒಂದು ನಿಮಿಷ, ಬಳಿಕ 140ರಲ್ಲಿ ಒಂದು ಗಂಟೆ. ಆಮೇಲೆ ಡಿಅಯಾನೈಸ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರನ್ನು ಎರಡು ಮೂರು ಸಲ ಬದಲಿಸಿ.

ಗ್ಲೈಕಾಲ್ ಇಲ್ಲದೆ ಇದರ ವಾಹಕತೆ ಸೆಂಟಿಮೀಟರಿಗೆ 1 ಸೀಮೆನ್ಸ್‌ಗಿಂತ ಕಡಿಮೆ, ಗ್ಲೈಕಾಲ್ ಇದ್ದರೆ ನೂರಾರು. ಹೊದಿಕೆಯಂತೆ ಸುತ್ತಿದ್ದ ಪಿಎಸ್‌ಎಸ್ ಬೇರ್ಪಟ್ಟು ಪೆಡಾಟ್ ಸರಪಳಿಗಳು ಒಂದರ ಪಕ್ಕ ಒಂದು ಸೇರುವುದೇ ಕಾರಣ. ಜಿಒಪಿಎಸ್ ಆ ಲಾಭದಲ್ಲಿ ಒಂದಿಷ್ಟನ್ನು ತಿನ್ನುತ್ತದೆ, ಆದರೆ ಅದಿಲ್ಲದೆ ಫಿಲ್ಮ್ ನೀರಿನಲ್ಲಿ ನಿಲ್ಲುವುದಿಲ್ಲ. ಕೊಡಬೇಕಾದ ಬೆಲೆ ಅದು, ಕೊಡಿ.

ಫಿಲ್ಮ್ ಪಿಬಿಎಸ್‌ಗೆ ಹಾಕಿದ ಕೂಡಲೇ ಸಿಪ್ಪೆ ಥರ ಎದ್ದು ಬರುತ್ತೆ. ಏನು ತಪ್ಪು?

ಪಿಬಿಎಸ್ ಎಂದರೆ ದೇಹದ್ರವದಷ್ಟೇ ಉಪ್ಪಿರುವ ಫಾಸ್ಫೇಟ್ ದ್ರಾವಣ. ಅದರಲ್ಲಿ ಫಿಲ್ಮ್ ಎಲ್ಲಿಂದ ಏಳುತ್ತಿದೆ ನೋಡಿ. ಅಂಚಿನಿಂದ ಇಡೀ ಹಾಳೆ ಏಳುತ್ತಿದ್ದರೆ ಗಾಜು ಸ್ವಚ್ಛವಿರಲಿಲ್ಲ, ಅಥವಾ ಪ್ಲಾಸ್ಮಾ ಮಾಡಿ ಗಂಟೆಗಟ್ಟಲೆ ಬಿಟ್ಟಿದ್ದೀರಿ. ಪ್ಲಾಸ್ಮಾ ಆಗಿ 10 ನಿಮಿಷದೊಳಗೆ ಸ್ಪಿನ್ ಮಾಡಿ. ಚಿನ್ನದ ಮೇಲಷ್ಟೇ ಏಳುತ್ತಿದ್ದು ಗಾಜಿನ ಮೇಲೆ ಅಂಟಿದ್ದರೆ ಅದು ಸಹಜ, ಸಿಲೇನ್ ಹಿಡಿಯುವುದು ಗಾಜಿನ ಹೈಡ್ರಾಕ್ಸಿಲ್ ಗುಂಪುಗಳನ್ನು, ಚಿನ್ನವನ್ನಲ್ಲ. ಫಿಲ್ಮ್ ಕರಗಿ ನೀರು ನೀಲಿಯಾಗುತ್ತಿದ್ದರೆ ಜಿಒಪಿಎಸ್ ಕೆಲಸ ಮಾಡಿಲ್ಲ: ಹಾಟ್‌ಪ್ಲೇಟ್‌ನ ನಿಜವಾದ ಉಷ್ಣತೆಯನ್ನು ಬೇರೆ ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ, ಬಾಟಲಿ ತೆರೆದು ಎಷ್ಟು ಕಾಲವಾಯಿತು ನೋಡಿ. ತೇವ ಹೀರಿದ ಸಿಲೇನ್ ತನ್ನೊಳಗೇ ಗಂಟುಕಟ್ಟಿರುತ್ತದೆ. ಗುಳ್ಳೆ ಗುಳ್ಳೆಯಾಗಿ ಎದ್ದರೆ ಪದರ ದಪ್ಪವಾಗಿದೆ. ಒಂದೇ ಸಲ ದಪ್ಪ ಹಾಕುವ ಬದಲು ನಡುವೆ ಒಂದೊಂದು ನಿಮಿಷ ಒಣಗಿಸಿ ಎರಡು ಮೂರು ತೆಳು ಪದರ ಹಾಕಿ.

ಸಣ್ಣ ಚಿನ್ನದ ಎಲೆಕ್ಟ್ರೋಡ್ ಮೇಲೆ ನೇರವಾಗಿ ಪೆಡಾಟ್ ಬೆಳೆಸೋದು ಹೇಗೆ?

10 ಮಿಲಿ ನೀರಿಗೆ ಸೋಡಿಯಂ ಪಿಎಸ್‌ಎಸ್ 206 ಮಿಲಿಗ್ರಾಂ (0.1 ಮೋಲಾರ್), ಪೆಡಾಟ್‌ನ ಮಾನೋಮರ್ ಆದ ಇಡಾಟ್ 10.7 ಮೈಕ್ರೋಲೀಟರ್ (10 ಮಿಲಿಮೋಲಾರ್). ಇಡಾಟ್ ಎಣ್ಣೆಯ ಹನಿಯಂತೆ ತಳದಲ್ಲಿ ಕೂರುತ್ತದೆ. ಲೀಟರಿಗೆ ಸುಮಾರು 2 ಗ್ರಾಂ ಮಾತ್ರ ಕರಗುವ ಅದನ್ನು ಹನಿ ಕಾಣದಾಗುವವರೆಗೆ ಮುಚ್ಚಿದ ಪಾತ್ರೆಯಲ್ಲಿ ಕಲಕಬೇಕು. ಅವಸರ ಮಾಡಿದರೆ ಒಂದೊಂದು ಎಲೆಕ್ಟ್ರೋಡ್‌ನಲ್ಲಿ ಒಂದೊಂದು ದಪ್ಪ ಬರುತ್ತದೆ.

ಈ ದ್ರಾವಣದಲ್ಲಿ ಮುಳುಗಿಸಿದ ಎಲೆಕ್ಟ್ರೋಡ್‌ಗೆ ಚದರ ಸೆಂಟಿಮೀಟರಿಗೆ 0.5 ಮಿಲಿಆಂಪಿಯರ್, 200 ಸೆಕೆಂಡ್. ಚದರ ಸೆಂಟಿಮೀಟರಿಗೆ ಒಟ್ಟು 100 ಮಿಲಿಕೂಲಂಬ್ ಆಯಿತು. 1 ಮಿ.ಮೀ. ವ್ಯಾಸದ ಎಲೆಕ್ಟ್ರೋಡ್ ಆದರೆ ಕ್ಷೇತ್ರಫಲ 0.00785 ಚ.ಸೆಂ.ಮೀ., ಕರೆಂಟ್ ಸುಮಾರು 3.9 ಮೈಕ್ರೋಆಂಪಿಯರ್. ಬೆಳೆಯುತ್ತಿರುವಾಗ ವೋಲ್ಟೇಜಿನ ಮೇಲೆ ಕಣ್ಣಿಡಿ: ಬೆಳ್ಳಿ-ಬೆಳ್ಳಿ ಕ್ಲೋರೈಡ್ ಉಲ್ಲೇಖ ಎಲೆಕ್ಟ್ರೋಡ್ ಎದುರು 0.8ರಿಂದ 1 ವೋಲ್ಟ್ ನಡುವೆ ನೆಲೆಯಾಗಬೇಕು. ಏರುತ್ತಲೇ ಹೋದರೆ ಕ್ಷೇತ್ರಫಲದ ಲೆಕ್ಕ ತಪ್ಪಿದೆ ಅಥವಾ ಇಡಾಟ್ ಮುಗಿದಿದೆ. ನಿಲ್ಲಿಸಿ, ಇಲ್ಲವಾದರೆ ಬೆಳೆದ ಪದರವೇ ಅತಿ ಆಕ್ಸಿಡೀಕರಣಗೊಂಡು ಸಾಯುತ್ತದೆ. ಚಿನ್ನವನ್ನು ಮೊದಲು 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಸೈಕ್ಲಿಕ್ ವೋಲ್ಟಮೆಟ್ರಿ ಮಾಡಿ (ವೋಲ್ಟೇಜನ್ನು ಮತ್ತೆ ಮತ್ತೆ ಏರಿಸಿ ಇಳಿಸಿ) ಸ್ವಚ್ಛಗೊಳಿಸಿ. ದಪ್ಪ ಹೆಚ್ಚಿದಷ್ಟೂ ಇಂಪೀಡೆನ್ಸ್ ಇಳಿಯುತ್ತದೆ ಎಂದು ಆಸೆಪಟ್ಟು ಬೆಳೆಸಿದ ಹೂಕೋಸಿನಂಥ ಪದರ ಬಿರುಕುಬಿಟ್ಟು ಉದುರುತ್ತದೆ.

ಬಟ್ಟೆ ಅಥವಾ ನ್ಯಾನೋನಾರಿಗೆ ಪಾಲಿಪಿರೋಲ್ ಲೇಪಿಸಬೇಕು

ಬಟ್ಟಿ ಇಳಿಸಿದ, ಬಣ್ಣವಿಲ್ಲದ ಪಿರೋಲ್ ಬೇಕು. ಕಂದುಬಣ್ಣಕ್ಕೆ ತಿರುಗಿದ್ದನ್ನು ಬಳಸಬೇಡಿ. 50 ಮಿಲಿ ನೀರಿಗೆ ಪಿರೋಲ್ 0.35 ಮಿಲಿ, ಸೋಡಿಯಂ ಟೊಲ್ವೀನ್ ಸಲ್ಫೋನೇಟ್ 1 ಗ್ರಾಂ. ನಾರನ್ನು ಇದರಲ್ಲಿ ಒಂದು ಗಂಟೆ 4 ಡಿಗ್ರಿಯಲ್ಲಿ ನೆನೆಸಿ. ಬೇರೊಂದು ಬೀಕರಿನಲ್ಲಿ ನೀರುಳ್ಳ ಫೆರಿಕ್ ಕ್ಲೋರೈಡ್ 3.1 ಗ್ರಾಂ ಕರಗಿಸಿ ತಣಿಸಿ, ಹನಿಹನಿಯಾಗಿ ಸೇರಿಸಿ ಎರಡು ಗಂಟೆ ಬಿಡಿ. ಬೆಚ್ಚಗಿದ್ದರೆ ಪಾಲಿಮರ್ ನಾರಿನ ಮೇಲೆ ಬೆಳೆಯುವ ಬದಲು ದ್ರಾವಣದಲ್ಲೇ ಕಪ್ಪು ಪುಡಿಯಾಗಿ ಕೂರುತ್ತದೆ. ತೊಳೆದ ನೀರಿನಲ್ಲಿ ಹಳದಿ ಛಾಯೆ ಪೂರ್ತಿ ಹೋಗುವವರೆಗೆ ನೀರು, ಎಥನಾಲ್, ಮತ್ತೆ ನೀರು. ಒಳಗೆ ಉಳಿದ ಕಬ್ಬಿಣ ಕೋಶಗಳನ್ನು ಕೊಲ್ಲುತ್ತದೆ.

ಸಿಲಿಕೋನ್‌ಗೆ ಕಾರ್ಬನ್ ಬೆರೆಸಿದರೆ ಗಟ್ಟಿಯಾಗೋದೇ ಇಲ್ಲ, ಅಂಟಂಟಾಗಿ ಉಳಿಯುತ್ತೆ

ಸಿಲ್‌ಗಾರ್ಡ್ 184 ಎಂಬ ಎರಡು ಭಾಗದ ಸಿಲಿಕೋನ್ ಗಟ್ಟಿಯಾಗುವುದು ಪ್ಲಾಟಿನಂ ವೇಗವರ್ಧಕದಿಂದ. ಗಂಧಕ, ಅಮೈನ್, ತವರದ ಸಂಯುಕ್ತ ಸೋಕಿದರೆ ಅದು ನಿಷ್ಕ್ರಿಯ. ಲೇಟೆಕ್ಸ್ ಕೈಗವಸಿನಲ್ಲಿ ಗಂಧಕವಿದೆ, ನೈಟ್ರೈಲ್ ಗವಸು ಹಾಕಿ, ಅದೂ ಮಿಶ್ರಣಕ್ಕೆ ತಾಗದಿರಲಿ. ಟೈರ್ ಉದ್ಯಮಕ್ಕೆಂದು ಮಾರುವ ಕಾರ್ಬನ್‌ನಲ್ಲಿಯೂ ಗಂಧಕ ಇರಬಹುದು. ಅಸಿಟಿಲೀನ್ ಬ್ಲ್ಯಾಕ್ ತೆಗೆದುಕೊಳ್ಳಿ. ಶೇ. 10ರ ಮಿಶ್ರಣಕ್ಕೆ: ಮೂಲ ಭಾಗ 10 ಗ್ರಾಂ, ಗಟ್ಟಿಕಾರಕ 1 ಗ್ರಾಂ, ಕಾರ್ಬನ್ 1.22 ಗ್ರಾಂ. ಕಾರ್ಬನ್ನನ್ನು 25 ಮಿಲಿ ಟೊಲ್ವೀನ್‌ನಲ್ಲಿ ಸೋನಿಕೇಟ್ ಮಾಡಿ, ಮೂಲ ಭಾಗ ಸೇರಿಸಿ, ಫ್ಯೂಮ್ ಹುಡ್‌ನಲ್ಲಿ ಟೊಲ್ವೀನ್ ಪೂರ್ತಿ ಆರಿಸಿ, ಕೊನೆಗೆ ಗಟ್ಟಿಕಾರಕ. ನಿರ್ವಾತದಲ್ಲಿ ಗುಳ್ಳೆ ತೆಗೆದು 80 ಡಿಗ್ರಿಯಲ್ಲಿ ಎರಡು ಗಂಟೆ. ಚರ್ಮಕ್ಕೆ ತಾಗುವ ವಸ್ತುವಾದರೆ ಮತ್ತೊಂದು ರಾತ್ರಿ ಓವನ್‌ನಲ್ಲಿ ಬಿಡಿ, ಟೊಲ್ವೀನ್ ಉಳಿಯಬಾರದು.

ಇದನ್ನು ಎಳೆದಾಗ ರೋಧ ಏರಿ, ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಅಳತೆಗೆ ಮುನ್ನ ಬಳಕೆಯಲ್ಲಿ ಬರುವ ಹಿಗ್ಗುವಿಕೆಗಿಂತ ಸ್ವಲ್ಪ ಹೆಚ್ಚಿಗೆ ಹತ್ತಾರು ಸಲ ಎಳೆದು ಬಿಡಿ. ಮೊದಲ ಕೆಲವು ಸುತ್ತುಗಳಲ್ಲೇ ದೊಡ್ಡ ಬದಲಾವಣೆ ಮುಗಿದಿರುತ್ತದೆ.

ಜೆಲ್‌ಎಂಎ ಹೈಡ್ರೋಜೆಲ್‌ಗೆ ಪೆಡಾಟ್ ಹಾಕಿದರೆ ಗಂಟುಗಂಟಾಗುತ್ತೆ, ಬೆಳಕಿಗೆ ಗಟ್ಟಿಯಾಗಲ್ಲ

ಜೆಲ್‌ಎಂಎ ಎಂದರೆ ಬೆಳಕಿಗೆ ಗಟ್ಟಿಯಾಗುವಂತೆ ಮಾರ್ಪಡಿಸಿದ ಜೆಲಾಟಿನ್. ಗಂಟಾಗುವುದು, ಗಟ್ಟಿಯಾಗದಿರುವುದು ಎರಡು ಬೇರೆ ತೊಂದರೆಗಳು. ಗಂಟಿಗೆ ಕಾರಣ ಉಪ್ಪು. ಪೆಡಾಟ್:ಪಿಎಸ್‌ಎಸ್ ಕಣಗಳು ನೀರಿನಲ್ಲಿ ತೇಲುವುದು ಋಣ ವಿದ್ಯುದಾವೇಶದ ವಿಕರ್ಷಣೆಯಿಂದ. ಪಿಬಿಎಸ್ ಅಥವಾ ಕಲ್ಚರ್ ಮೀಡಿಯಂನ (ಕೋಶ ಬೆಳೆಸುವ ದ್ರವದ) ಉಪ್ಪು ಅದನ್ನು ಮರೆಮಾಡುತ್ತದೆ, ಕಣಗಳು ಒಟ್ಟುಗೂಡುತ್ತವೆ. ಜೆಲ್‌ಎಂಎಯನ್ನು ಉಪ್ಪಿಲ್ಲದ ನೀರಿನಲ್ಲಿ 40 ಡಿಗ್ರಿಯಲ್ಲಿ ಕರಗಿಸಿ, ಕಲಕುತ್ತಲೇ ಪೆಡಾಟ್ ಹನಿಸಿ. ಕೋಶಗಳು ಉಬ್ಬದೆ, ಕುಗ್ಗದೆ ಇರಲು ಬೇಕಾದ ಸಮಾನ ಅಭಿಸರಣ ಒತ್ತಡಕ್ಕೆ ಸಕ್ಕರೆ ಅಂಶ ಬಳಸಬಹುದು, ಗಟ್ಟಿಯಾದ ಮೇಲೆ ಮೀಡಿಯಂಗೆ ಹಾಕಿ.

ಗಟ್ಟಿಯಾಗದಿರುವುದು ಬೆಳಕಿನ ಸಮಸ್ಯೆ. ಕಡುನೀಲಿ ಪೆಡಾಟ್ ಬೆಳಕನ್ನು ನುಂಗುತ್ತದೆ. ಜೆಲ್‌ಎಂಎ ಶೇ. 10 ಇದ್ದರೆ ಪೆಡಾಟ್:ಪಿಎಸ್‌ಎಸ್ ಶೇ. 0.1ರಿಂದ 0.3 ಇಟ್ಟುಕೊಳ್ಳಿ, ಎಲ್‌ಎಪಿ (ಬೆಳಕು ಬಿದ್ದಾಗ ಗಟ್ಟಿಯಾಗುವ ಕ್ರಿಯೆ ಶುರು ಮಾಡುವ ರಾಸಾಯನಿಕ) ಶೇ. 0.5, 405 ನ್ಯಾನೋಮೀಟರ್ ಬೆಳಕು, ದಪ್ಪ 1 ಮಿ.ಮೀ. ಒಳಗೆ. ತಿರುವಿಹಾಕಿ ಎರಡೂ ಕಡೆಯಿಂದ ಬೆಳಕು ಕೊಡಿ. ಇಂಥ ಜೆಲ್‌ಗೆ ಸಾವಿರ ಸೀಮೆನ್ಸ್ ವಾಹಕತೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

## ಅಳೆಯುವುದು

ಮಲ್ಟಿಮೀಟರ್ ಇಟ್ಟು ರೋಧ ನೋಡಿದ್ರೆ ಸಾಲದಾ?

ಸಾಲದು. ತುದಿ ತಾಗುವ ಜಾಗದ ರೋಧವೂ ಸೇರಿಕೊಳ್ಳುತ್ತದೆ. ನಾಲ್ಕು ಮೊನೆಯ ಪ್ರೋಬ್ ಬಳಸಿ: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಮಾದರಿ ಪ್ರೋಬ್ ಅಂತರಕ್ಕಿಂತ ಬಹಳ ಅಗಲ, ಬಹಳ ತೆಳು ಇದ್ದರೆ ಹಾಳೆ-ರೋಧ ಎಂದರೆ ವೋಲ್ಟೇಜ್ ಭಾಗಿಸು ಕರೆಂಟ್, ಗುಣಿಸು 4.53. ಉದಾಹರಣೆಗೆ 1 ಮಿಲಿಆಂಪಿಯರಿಗೆ 22 ಮಿಲಿವೋಲ್ಟ್ ಬಂದರೆ ಹಾಳೆ-ರೋಧ ಸುಮಾರು 100 ಓಮ್. ದಪ್ಪ 100 ನ್ಯಾನೋಮೀಟರ್ ಆಗಿದ್ದರೆ ವಾಹಕತೆ ಸೆಂಟಿಮೀಟರಿಗೆ 1000 ಸೀಮೆನ್ಸ್. ದಪ್ಪವನ್ನು ಊಹಿಸಬೇಡಿ, ಪ್ರೊಫೈಲೋಮೀಟರ್‌ನಲ್ಲಿ ಅಳೆಯಿರಿ. ದಪ್ಪ ದುಪ್ಪಟ್ಟು ತಪ್ಪಿದರೆ ಉತ್ತರವೂ ದುಪ್ಪಟ್ಟು ತಪ್ಪು.

ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಅಂಕಿ ದಿನಕ್ಕೊಂದು ಬರುತ್ತದೆ ಎನ್ನುತ್ತಾರೆ. ಪಿಎಸ್‌ಎಸ್ ತೇವ ಹೀರುತ್ತದೆ. ಅಳತೆಗೆ ಮುನ್ನ ಒಣಗಿಸಿ ಡೆಸಿಕೇಟರ್‌ನಲ್ಲಿ ತಣಿಸಿ, ಕೋಣೆಯ ಆರ್ದ್ರತೆಯನ್ನೂ ಬರೆದಿಡಿ.

ನನ್ನ ಹೈಡ್ರೋಜೆಲ್ ಪಿಬಿಎಸ್‌ನಲ್ಲಿ ಚೆನ್ನಾಗಿ ಕರೆಂಟ್ ಬಿಡುತ್ತೆ, ವಾಹಕ ಅಂತ ಬರೀಬಹುದಾ?

ಪೆಡಾಟ್ ಹಾಕದ ಅದೇ ಜೆಲ್ಲನ್ನು ಅಳೆದಿದ್ದೀರಾ? ಪಿಬಿಎಸ್ ತಾನೇ ಮೀಟರಿಗೆ ಸುಮಾರು 1.5 ಸೀಮೆನ್ಸ್ ವಾಹಕ. ಬರೀ ಜೆಲಾಟಿನ್ ಪಿಬಿಎಸ್ ಕುಡಿದರೂ ಹತ್ತಿರ ಹತ್ತಿರ ಅದೇ ಅಂಕಿ ಬರುತ್ತದೆ, ಅದು ಅಯಾನಿನ ಓಡಾಟ. ಎಲೆಕ್ಟ್ರಾನ್ ದಾರಿ ಇದೆಯೇ ಎಂದು ತಿಳಿಯಲು ಡಿಅಯಾನೈಸ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದ ಜೆಲ್ ಅನ್ನು ಅಳೆಯಿರಿ. ಜೊತೆಗೆ 50 ಮಿಲಿವೋಲ್ಟಿನಷ್ಟು ಸಣ್ಣ ಸ್ಥಿರ ವೋಲ್ಟೇಜ್ ಕೊಟ್ಟು ಕೆಲವು ನಿಮಿಷ ಕಾಯಿರಿ: ಅಯಾನು ಕರೆಂಟ್ ಎಲೆಕ್ಟ್ರೋಡ್‌ಗಳಲ್ಲಿ ತಡೆದು ಕರಗಿಹೋಗುತ್ತದೆ, ಎಲೆಕ್ಟ್ರಾನ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಪೆಡಾಟ್ ಇಲ್ಲದ ಜೆಲ್‌ನ ಅಂಕಿ ಪಕ್ಕದಲ್ಲಿಲ್ಲದೆ ಪ್ರಕಟವಾದ ವಾಹಕತೆಯನ್ನು ನಂಬಬೇಡಿ.

1 ಕಿಲೋಹರ್ಟ್ಸ್‌ನಲ್ಲಿ ಇಂಪೀಡೆನ್ಸ್ ಎಷ್ಟಿದ್ದರೆ ಒಳ್ಳೇದು? ನಮಗೆ 1 ಕಿಲೋಓಮ್ ಬಂತು!

ಸಂತೋಷಪಡುವ ಮುನ್ನ ಲೆಕ್ಕ ಹಾಕಿ. ತಟ್ಟೆಯಾಕಾರದ ಎಲೆಕ್ಟ್ರೋಡ್‌ನಿಂದ ದ್ರಾವಣಕ್ಕೆ ಕರೆಂಟ್ ಹರಡುವಾಗಲೇ ಒಂದು ರೋಧವಿದೆ: ದ್ರಾವಣದ ರೋಧಶೀಲತೆಯನ್ನು ತ್ರಿಜ್ಯದ ನಾಲ್ಕು ಪಟ್ಟಿನಿಂದ ಭಾಗಿಸಿ. ನಿಮ್ಮ ಎಲೆಕ್ಟ್ರೋಡ್‌ನ ವ್ಯಾಸ 50 ಮೈಕ್ರಾನ್, ಪಿಬಿಎಸ್‌ನ ರೋಧಶೀಲತೆ 67 ಓಮ್-ಸೆಂ.ಮೀ. ಎಂದರೆ ಸುಮಾರು 6.7 ಕಿಲೋಓಮ್. ಲೇಪನ ಎಷ್ಟೇ ಚೆನ್ನಾಗಿರಲಿ, ಇದಕ್ಕಿಂತ ಕೆಳಗೆ ಇಳಿಯಲಾಗದು. 1 ಕಿಲೋಓಮ್ ಬಂದಿದ್ದರೆ ಪೆಡಾಟ್ ಎಲೆಕ್ಟ್ರೋಡ್ ತೆರೆದಿರುವ ಕಿಟಕಿ ದಾಟಿ ನಿರೋಧಕದ ಮೇಲೆ ಹರಡಿದೆ, ಇಲ್ಲವೇ ತಂತಿಯ ಹೊದಿಕೆ ಸೋರುತ್ತಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿ.

## ಜೀವಕೋಶ, ಅಂಗಾಂಶ

ಪೆಡಾಟ್ ವಿಷವಲ್ಲ ಅಂತಾರೆ, ನಮ್ಮ ಕೋಶಗಳೆಲ್ಲ ಎರಡೇ ದಿನದಲ್ಲಿ ಸತ್ತವು

ಕೊಲ್ಲುವುದು ಹೆಚ್ಚಾಗಿ ಪಾಲಿಮರ್ ಅಲ್ಲ, ಜೊತೆಗೆ ಬಂದದ್ದು. ಬಾಟಲಿಯ ದ್ರಾವಣದ ಪಿಎಚ್ 2ರ ಆಸುಪಾಸು. ತೊಳೆಯದ ಫಿಲ್ಮ್ ಮೀಡಿಯಂಗೆ ಹಾಕಿದಾಗ ಕೆಂಪು ಬಣ್ಣ ಹಳದಿಗೆ ತಿರುಗಿದರೆ ಅಲ್ಲೇ ಉತ್ತರ ಸಿಕ್ಕಿತು. ಡಿಬಿಎಸ್‌ಎ ಸೋಪಿನ ಜಾತಿ, ಕೋಶದ ಪೊರೆಯನ್ನು ಕರಗಿಸುತ್ತದೆ. ಗ್ಲೈಕಾಲ್, ಪ್ರತಿಕ್ರಿಯಿಸದ ಜಿಒಪಿಎಸ್, ಉಳಿದ ಮಾನೋಮರ್ ಎಲ್ಲವೂ ಸೋರುತ್ತವೆ. ನೀರಿನಲ್ಲಿ ಒಂದು ದಿನ, ಪಿಬಿಎಸ್‌ನಲ್ಲಿ ಒಂದು ದಿನ, ಮೀಡಿಯಂನಲ್ಲಿ ಒಂದು ರಾತ್ರಿ ನೆನೆಸಿ, ಆಮೇಲೆ ಕೋಶ ಹಾಕಿ. ಸಾಯದಿದ್ದರೂ ಅಂಟದೆ ದುಂಡಗೆ ಉಳಿದರೆ ಕೊಲಾಜೆನ್, ಲ್ಯಾಮಿನಿನ್ ಅಥವಾ ಪಾಲಿಲೈಸಿನ್ ಲೇಪಿಸಿ; ಪಿಎಸ್‌ಎಸ್ ತುಂಬಿದ ಋಣ ಮೇಲ್ಮೈ ಬಹಳ ಕೋಶಗಳಿಗೆ ಒಗ್ಗುವುದಿಲ್ಲ.

ಎಂಟಿಟಿ ಟೆಸ್ಟ್‌ನಲ್ಲಿ ಶೇ. 140 ಬಂತು. ವಸ್ತು ಕೋಶ ಬೆಳವಣಿಗೆ ಹೆಚ್ಚಿಸ್ತಿದೆಯಾ?

ಎಂಟಿಟಿ ಎಂದರೆ ಬದುಕಿದ ಕೋಶಗಳು ಬಣ್ಣ ಬದಲಿಸುವ ರಾಸಾಯನಿಕ; ಬಣ್ಣ ಗಾಢವಾದಷ್ಟೂ ಜೀವಂತ ಕೋಶ ಹೆಚ್ಚು ಎಂದು ಲೆಕ್ಕ. ಕೋಶವಿಲ್ಲದ ಬಾವಿಯಲ್ಲಿ (ಕಲ್ಚರ್ ತಟ್ಟೆಯ ಗುಳಿಯಲ್ಲಿ) ವಸ್ತುವನ್ನಷ್ಟೇ ಇಟ್ಟು ಎಂಟಿಟಿ ಹಾಕಿ ನೋಡಿ. ಗ್ರಾಫೀನ್, ನ್ಯಾನೋಟ್ಯೂಬ್, ವಾಹಕ ಪಾಲಿಮರ್‌ಗಳು ಕೋಶದ ನೆರವಿಲ್ಲದೆಯೇ ಆ ಬಣ್ಣವನ್ನು ಬದಲಿಸಬಲ್ಲವು, ಬಣ್ಣವನ್ನು ಹೀರಿಕೊಂಡು ಅಂಕಿ ಇಳಿಸಲೂಬಲ್ಲವು. ವೈದ್ಯಕೀಯ ವಸ್ತುಗಳ ಕೋಶ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10993-5ರಂತೆ ವಸ್ತುವಿನ ಸಾರ ತೆಗೆದು ಪರೀಕ್ಷಿಸುವುದು ಸುರಕ್ಷಿತ ದಾರಿ: ಅರ್ಧ ಮಿ.ಮೀ.ಗಿಂತ ತೆಳುವಾದದ್ದಕ್ಕೆ ಮಿಲಿಗೆ 6 ಚ.ಸೆಂ.ಮೀ., ಮೀಡಿಯಂನಲ್ಲಿ 37 ಡಿಗ್ರಿ, 24 ಗಂಟೆ. ಬದುಕಿದ ಕೋಶ ಶೇ. 70ಕ್ಕಿಂತ ಕಡಿಮೆಯಾದರೆ ವಿಷಕಾರಿ ಎಂದು ಲೆಕ್ಕ. ಜೊತೆಗೆ ಎಲ್‌ಡಿಎಚ್ (ಸತ್ತ ಕೋಶಗಳಿಂದ ಸೋರುವ ಕಿಣ್ವದ ಪರೀಕ್ಷೆ) ಅಥವಾ ಹಸಿರು-ಕೆಂಪು ಬಣ್ಣದ ಜೀವ-ಮರಣ ಚಿತ್ರ ಇರಲಿ.

ಸ್ಟೆರಿಲೈಸ್ ಮಾಡೋದು ಹೇಗೆ?

ಜಿಒಪಿಎಸ್ ಹಾಕಿ ಬೇಯಿಸಿದ ಪೆಡಾಟ್ ಫಿಲ್ಮ್ 121 ಡಿಗ್ರಿಯ ಆಟೋಕ್ಲೇವ್ ತಡೆಯುತ್ತದೆ. ಜೆಲಾಟಿನ್, ಪಿಸಿಎಲ್ ಇರುವುದು ತಡೆಯುವುದಿಲ್ಲ. ಪಿಸಿಎಲ್ ಕರಗುವುದೇ 60 ಡಿಗ್ರಿಗೆ. ಅಂಥದ್ದಕ್ಕೆ ಎಥಿಲೀನ್ ಆಕ್ಸೈಡ್ ಕೊಟ್ಟು, ಅನಿಲ ಹೊರಹೋಗಲು ಸಮಯ ಬಿಡಿ. ಬ್ಲೀಚ್, ಹೈಡ್ರೋಜನ್ ಪೆರಾಕ್ಸೈಡ್ ಬೇಡವೇ ಬೇಡ, ವಾಹಕತೆ ಶಾಶ್ವತವಾಗಿ ಹೋಗುತ್ತದೆ. ಯುವಿ ದೀಪದಡಿ ಗಂಟೆಗಟ್ಟಲೆ ಇಡುವುದೂ ಒಳ್ಳೆಯದಲ್ಲ. ಯಾವುದೇ ವಿಧಾನವಾಗಲಿ, ಮುಂಚೆ ಮತ್ತು ಆಮೇಲೆ ಇಂಪೀಡೆನ್ಸ್ ಅಳೆಯಿರಿ.

ಕೋಶಗಳಿಗೆ ಎಷ್ಟು ಕರೆಂಟ್ ಕೊಡಬೇಕು?

ಪಾಲಿಪಿರೋಲ್ ಮೇಲೆ ಬೆಳೆಸಿದ ಪಿಸಿ-12 (ಇಲಿಯಿಂದ ಪಡೆದ, ನರಕೋಶದಂತೆ ವರ್ತಿಸುವ) ಕೋಶಗಳಿಗೆ 100 ಮಿಲಿವೋಲ್ಟ್ ಎರಡು ಗಂಟೆ ಕೊಟ್ಟಾಗ ನರತಂತುಗಳ ಉದ್ದ ಸುಮಾರು ಎರಡರಷ್ಟಾಯಿತು ಎಂದು ಕ್ರಿಸ್ಟೀನ್ ಶ್ಮಿಟ್ ಮತ್ತು ಜೊತೆಗಾರರು 1997ರಲ್ಲಿ ತೋರಿಸಿದರು. ಇಂದಿಗೂ ಬಹಳ ಪ್ರಯೋಗಗಳು ಈ ಮಟ್ಟದಿಂದಲೇ ಶುರುವಾಗುತ್ತವೆ. ಸ್ಥಿರ ಕರೆಂಟ್ ದೀರ್ಘ ಕಾಲ ಕೊಟ್ಟರೆ ಎಲೆಕ್ಟ್ರೋಡ್ ಬಳಿ ಪಿಎಚ್ ಬದಲಾಗುತ್ತದೆ. ಕೋಶಕ್ಕೆ ಹತ್ತಿದ ಪೆಟ್ಟು ಕರೆಂಟಿನದೋ ಆಮ್ಲದ್ದೋ ಎಂದು ತಿಳಿಯಲು ಮೀಡಿಯಂನ ಪಿಎಚ್ ಅಳೆಯಿರಿ.

ನರ ಪ್ರಚೋದನೆಗೆ ಸಮತೋಲಿತ ಜೋಡಿ ಪಲ್ಸ್ ಬೇಕು: ಒಂದು ದಿಕ್ಕಿಗೆ ಕೊಟ್ಟಷ್ಟೇ ಆವೇಶ ಮರುದಿಕ್ಕಿಗೆ. 50 ಮೈಕ್ರಾನ್ ಎಲೆಕ್ಟ್ರೋಡ್‌ನಲ್ಲಿ ಚದರ ಸೆಂಟಿಮೀಟರಿಗೆ 1 ಮಿಲಿಕೂಲಂಬ್ ಎಂದರೆ ಸುಮಾರು 20 ನ್ಯಾನೋಕೂಲಂಬ್. 200 ಮೈಕ್ರೋಸೆಕೆಂಡ್ ಪಲ್ಸ್‌ನಲ್ಲಿ ಸುಮಾರು 100 ಮೈಕ್ರೋಆಂಪಿಯರ್. ಪೆಡಾಟ್ ಇದನ್ನು ತಡೆದುಕೊಳ್ಳುತ್ತದೆ. ಆದರೆ ಇಂಥ ಪುಟ್ಟ ಎಲೆಕ್ಟ್ರೋಡ್‌ಗಳ ಸುತ್ತ ಪಲ್ಸಿಗೆ 4 ನ್ಯಾನೋಕೂಲಂಬ್ ದಾಟಿದರೆ ಅಂಗಾಂಶಕ್ಕೆ ಹಾನಿ ಎಂದು ಪ್ರಾಣಿ ಪ್ರಯೋಗಗಳು ಎಚ್ಚರಿಸುತ್ತವೆ. ಎಲೆಕ್ಟ್ರೋಡ್ ತಾಳುವ ಮಿತಿ ಬೇರೆ, ನರ ತಾಳುವ ಮಿತಿ ಬೇರೆ.

ಇದು ದೇಹದಲ್ಲಿ ಕರಗಿ ಹೋಗುತ್ತಾ?

ಆಧಾರ ವಸ್ತು ಕರಗುತ್ತದೆ: ಪಿಎಲ್‌ಜಿಎ ಪ್ಲಾಸ್ಟಿಕ್ ತಿಂಗಳುಗಳಲ್ಲಿ, ಪಿಸಿಎಲ್ ಎರಡು ಮೂರು ವರ್ಷಗಳಲ್ಲಿ. ಪೆಡಾಟ್, ಪಾಲಿಪಿರೋಲ್ ಕರಗುವುದಿಲ್ಲ. ಸಣ್ಣ ಕಣಗಳಾಗಿ ಉಳಿಯುತ್ತವೆ. ‘ಜೈವಿಕವಾಗಿ ಕರಗುವ ವಾಹಕ ನಳಿಕೆ’ ಎಂದು ಬರೆದಿದ್ದರೆ ಶೇಕಡಾ ಎಷ್ಟು ಉಳಿಯಿತು, ಎಲ್ಲಿ ಉಳಿಯಿತು ಎಂದು ಕೇಳಿ.

ಆರು ತಿಂಗಳಾದ ಮೇಲೆ ಎಲೆಕ್ಟ್ರೋಡ್ ಕೆಟ್ಟರೆ, ಪಾಲಿಮರ್ ಕೆಟ್ಟಿತೋ ದೇಹ ತಿರಸ್ಕರಿಸಿತೋ ಹೇಗೆ ಗೊತ್ತಾಗುತ್ತೆ?

ಒಂದೇ ಆವರ್ತನ ಸಾಲದು. 1 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗೆ ನೋಡಿ. ಮೇಲಿನ ಆವರ್ತನದ ರೋಧ ಏರಿ, ಕೆಳ ಆವರ್ತನದ ಧಾರಕತೆ ಹಾಗೇ ಇದ್ದರೆ ಸುತ್ತ ಗಾಯದ ಅಂಗಾಂಶ ಕಟ್ಟಿದೆ. ಕೆಳ ಆವರ್ತನದಲ್ಲಿ ಧಾರಕತೆ ಕುಸಿದಿದ್ದರೆ ಪದರ ಆಕ್ಸಿಡೀಕರಣಗೊಂಡಿದೆ ಅಥವಾ ಕಳಚಿದೆ. ಎಲ್ಲ ಆವರ್ತನದಲ್ಲೂ ಒಮ್ಮೆಲೇ ಏರಿದ್ದರೆ ತಂತಿ ತುಂಡಾಗಿದೆ. ಒಮ್ಮೆಲೇ ಇಳಿದಿದ್ದರೆ ನಿರೋಧಕದೊಳಗೆ ನೀರು ಹೊಕ್ಕಿದೆ. ಕೊನೆಯ ಎರಡೂ ಸಾಕಷ್ಟು ಕಾಣುತ್ತವೆ, ಆದರೂ ಬೈಗುಳ ಪಾಲಿಮರ್‌ಗೇ.

ನಾವು ಮಾಡಿದ ಇಸಿಜಿ ಎಲೆಕ್ಟ್ರೋಡ್ ಅನ್ನು ನಮ್ಮ ಕ್ಲಾಸಿನವರ ಮೇಲೆ ಪರೀಕ್ಷಿಸಬಹುದಾ?

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಅವರವರ ಲಿಖಿತ ಸಮ್ಮತಿ ಇಲ್ಲದೆ ಬೇಡ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಸರ್ಕ್ಯೂಟ್ ಬ್ಯಾಟರಿಯಲ್ಲಿ ನಡೆಯಬೇಕು. ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತಿರಬೇಕು, ಗೋಡೆಯ ಪ್ಲಗ್ಗಿಗೆ ಹೋಗುವ ಆಸಿಲೋಸ್ಕೋಪ್ ಜೋಡಿಸಲೇಬಾರದು: ಎದೆಯ ಮೇಲಿನ ಎಲೆಕ್ಟ್ರೋಡ್ ಚೆನ್ನಾಗಿದ್ದಷ್ಟೂ ಸೋರಿಕೆ ಕರೆಂಟಿಗೆ ದಾರಿ ಸಲೀಸು. ಪ್ರಾಣಿ ಪ್ರಯೋಗಕ್ಕೆ ಪ್ರತ್ಯೇಕ ಪ್ರಾಣಿ ನೈತಿಕ ಸಮಿತಿ ಇದೆ. ಮಾರುವ ಸಾಧನವಾಗಿಸುವ ಯೋಚನೆಯಿದ್ದರೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯಿಸುತ್ತವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ವರ್ಗಗಳಿವೆ; ಎ, ಬಿ ತಯಾರಿಕೆಯ ಪರವಾನಗಿ ರಾಜ್ಯದ ಅಧಿಕಾರಿಯಿಂದ, ಸಿ, ಡಿ ಕೇಂದ್ರದಿಂದ.

ಸ್ಪಿನ್ ಕೋಟರ್, ಪ್ಲಾಸ್ಮಾ ಏನೂ ನಮ್ಮ ಕಾಲೇಜಲ್ಲಿ ಇಲ್ಲ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರ ಹೊರಗಿನ ಸಂಸ್ಥೆಗಳ ಸಂಶೋಧಕರಿಗೂ ತನ್ನ ಸೌಲಭ್ಯಗಳನ್ನು ತೆರೆದಿಟ್ಟಿದೆ. ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಿ. ಅಲ್ಲಿಯವರೆಗೆ ಹತ್ತಿ ಬಟ್ಟೆಗೆ ಪೆಡಾಟ್ ಹೀರಿಸಿ ಓವನ್‌ನಲ್ಲಿ ಒಣಗಿಸಿದ ಎಲೆಕ್ಟ್ರೋಡ್‌ನಿಂದ ಶುರು ಮಾಡಿ. ಬೇಕಾಗುವುದು ಪಿಪೆಟ್, ಓವನ್, ತೊಳೆಯಲು ನೀರು ಮಾತ್ರ. ಅದನ್ನು ಕೃತಕ ಬೆವರಿನಲ್ಲಿ ನೆನೆಸಿ, ಒಂದು ವಾರ ದಿನವೂ ಇಂಪೀಡೆನ್ಸ್ ಅಳೆಯಿರಿ.